ಮಂದಾಕಿನಿ ಸುಟ್ಟ ಭಾನುವಾರ

ಭಾನುವಾರ ಹತ್ತಕ್ಕೆ ಶಿಡ್ಲಘಟ್ಟದಲ್ಲಿ
ಕರೆಂಟು ಇದ್ದರೆ ಆಕಾಶವೂ ಇರುತ್ತಿತ್ತು.
ಪ್ಯಾರೇಜಾನ್ ಮಾಮೂನ ಫಿಲೇಚರಿನ ಮೂಲೆಯಲ್ಲಿ
ಬೋರಲು ಹಾಕಿದ ಕ್ರೇಟಿನ ಮೇಲೆ ಕಪ್ಪುಬಿಳುಪು ಟೀವಿ.
ಬೇಸಿನ್ನಿನ ಹಬೆಗೆ ಬೆವರುವ ಅದರ ಗಾಜು
ಒರೆಸುವ ಕೆಲಸ ನನ್ನದು,
ಅದಕ್ಕೇ ಮುಂದಿನ ಸಾಲೂ ನನ್ನದು.

ಹಿಂದಿ ಅರ್ಧ ತಿಳಿಯುತ್ತಿತ್ತು. ಉಳಿದರ್ಧ
ಮಾಮೂನ ಮಗಳು ಶಹತಾಜ್ ಹೇಳುತ್ತಿದ್ದಳು,
ಸ್ವಲ್ಪ ಸುಳ್ಳು ಸೇರಿಸಿ.
ಹಡಗಿನ ಹೆಸರು ಮಂದಾಕಿನಿ.
ಮೂರನೇ ಬಾಗಿಲು ಒದ್ದರೇ ತೆರೆಯುವುದು,
ನಮ್ಮ ಬಚ್ಚಲಿನದರ ಹಾಗೆ.
ಎಡ ರೆಕ್ಕೆಗೊಂದು ತೇಪೆ.
ಶನಿಯ ಬಳೆ ದಾಟುವಾಗ ಗೊರಗೊರ ಕೆಮ್ಮುವುದು;
ಕೆಮ್ಮಿದಾಗೆಲ್ಲ ಶಹತಾಜ್ ನನ್ನ ಮೊಣಕೈ ಹಿಡಿಯುವಳು.

ಬೇಸಿನ್ನಿನ ಮುಂದೆ ಅಮ್ಮ, ಬೆನ್ನು ನಮ್ಮ ಕಡೆಗೆ.
ಕುದಿನೀರಲ್ಲಿ ಗೂಡುಗಳು ಕುಣಿಯುತ್ತಿದ್ದವು.
ಬೆಂದು ಬೆಳ್ಳಗಾದ ಅವಳ ಬೆರಳು
ಎಳೆಯ ತುದಿ ಹುಡುಕುತ್ತಿದ್ದವು.
ಎಂಟು ಗೂಡಿಗೆ ಒಂದು ದಾರ.
ಅವಳು ಟೀವಿ ನೋಡಿದ್ದು ಕಿವಿಯಿಂದ.

ಆ ಭಾನುವಾರ ಶತ್ರು ಸುತ್ತುವರಿದ.
ಕಪ್ತಾನ ಎಲ್ಲರನ್ನೂ ಸಣ್ಣ ದೋಣಿಗಳಿಗೆ ಹತ್ತಿಸಿದ,
ಬೆಳ್ಳಗೆ, ಉದ್ದಕ್ಕೆ, ಎರಡೂ ತುದಿ ಗುಂಡಗೆ,
ನಲವತ್ತು ದೋಣಿ, ಒಂದೊಂದರಲ್ಲಿ ಒಬ್ಬೊಬ್ಬರು.
ಆಮೇಲೆ ಹಡಗಿಗೇ ಹೇಳಿದ: ಇನ್ನು ನೀನು ಸಿಡಿ.
ಅದು ಹೆಣ್ಣುದನಿಯಲ್ಲಿ ಒಂದೇ ಸಲ ಕೇಳಿತು,
"ಪಕ್ಕಾ?"
ಹತ್ತರಿಂದ ಹಿಂದಕ್ಕೆ ಎಣಿಸತೊಡಗಿತು.

ನಾಲ್ಕು ಅನ್ನುವಾಗ
ದೇವರೇ ಕರೆಂಟು ಹೋಗಲಿ ಅಂತ ಬೇಡಿಕೊಂಡೆ.
ಶಿಡ್ಲಘಟ್ಟದಲ್ಲಿ ಯಾರಾದರೂ ಯಾವತ್ತಾದರೂ
ಹಾಗೆ ಬೇಡಿಕೊಂಡಿದ್ದುಂಟೇ?
ಹೋಗಲಿಲ್ಲ.

ಮೊದಲು ರೆಕ್ಕೆ. ಆಮೇಲೆ ಒದೆಯುವ ಬಾಗಿಲು.
ಹಡಗು ವಾಲಿದಾಗ ಮಾಮೂ ಎದ್ದು ಬಂದು
ಗಾಜಿಗೆ ಮೂಗು ತಾಗಿಸಿದ.
"ದಾರ ನೋಡಮ್ಮೀ, ಕಾಣ್ತದಾ? ಮೇಲಿಂದ ಕಟ್ಟವ್ರೆ.
ನೈಲಾನು. ಬೆಂಕಿ ಕಂಡ್ರೆ ಬೆಣ್ಣೆ.
ನಮ್ಮ ದಾರ ಆಗಿದ್ರೆ ಇನ್ನೊಂದು ಗಳಿಗೆ ನಿಲ್ಲೋದು."
ಮೂವತ್ತು ವರ್ಷ ಎಳೆ ನೋಡಿದ ಕಣ್ಣು ಅದು.
ಹೇಳುತ್ತಾ ಹೇಳುತ್ತಾ ಹೆಗಲ ಟವಲಿನಿಂದ ಒರೆಸಿಕೊಂಡ,
ಹಬೆ, ಅಂದ.

ಶಹತಾಜ್ ದೊಡ್ಡ ದನಿ ತೆಗೆದು ಅತ್ತಳು.
ಅಮ್ಮ ತಿರುಗದೆಯೇ ಕೇಳಿದಳು: "ಒಳಗಿದ್ದೋರು?"
ಎಲ್ಲಾ ಬದುಕಿದರು ಅಂದೆ.
"ಮತ್ಯಾಕೆ ಅಳ್ತೀರಾ? ಸುಟ್ಟಿದ್ದು ಗೂಡು ತಾನೆ."
ಅಂದವಳ ಕೈ
ನೀರಿನ ಮೇಲೆ ಹಾಗೇ ನಿಂತಿತು.
ತಳದಲ್ಲಿ ಹುಳುಗಳಿದ್ದವು,
ಇದ್ದ ದಾರವೆಲ್ಲ ಕೊಟ್ಟು, ಕಂದಾಗಿ, ಬರಿಮೈಯಲ್ಲಿ.
ಚರಕ ಒಂದು ಸುತ್ತು ಬರಿದೇ ತಿರುಗಿತು.
ಮಾಮೂ ಬೈಯಲಿಲ್ಲ.

ಮುಂದಿನ ವಾರ ಹೊಸ ಹಡಗು ಬಂತು. ಹೆಸರು ಅದೇ.
ತೇಪೆಯಿಲ್ಲ. ಬಾಗಿಲು ಮುಟ್ಟದೆಯೇ ತೆರೆಯುತ್ತಿತ್ತು.
ಕಪ್ತಾನ ನಗುನಗುತ್ತಾ ಹತ್ತಿದ,
ಸವತಿ ಮನೆಗೆ ಹೊರಟವನ ಹಾಗೆ.
ನಾನು ಗಾಜು ಒರೆಸಲಿಲ್ಲ.

ಈಗ ಚಿಕ್ಕಬಳ್ಳಾಪುರದ ಥಿಯೇಟರಿನಲ್ಲಿ
ಬಣ್ಣಬಣ್ಣದಲ್ಲಿ, ನಾಲ್ಕೂ ಕಡೆ ಗುಡುಗಿ,
ಎಷ್ಟೋ ಹಡಗು ನನ್ನ ಕಣ್ಣೆದುರು ಬೂದಿಯಾಗಿವೆ.
ಒಂದಕ್ಕೂ ದಾರವಿಲ್ಲ.
ಆದರೂ ಸಿಡಿಯುವಾಗ ನಾನು ಮೇಲೆ ನೋಡುತ್ತೇನೆ,
ಎಲ್ಲಿಂದ ಕಟ್ಟವ್ರೆ ಅಂತ.

ಚಿಟ್ಟೆ ಕೊರೆದು ಹಾರಿಹೋದ ಗೂಡಿಗೆ
ನಮ್ಮ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ಎಳೆ ತುಂಡುತುಂಡು.
ಅಂಥವನ್ನೇ ಆರಿಸಿ, ಗಂಜಿ ಹಚ್ಚಿ,
ಆ ಬೇಸಿಗೆ ಅವಳೂ ನಾನೂ ಹಡಗು ಕಟ್ಟಿದ್ದೆವು.
ಎಡ ರೆಕ್ಕೆಗೆ ಬೀಡಿಕಟ್ಟಿನ ಕಾಗದದ ತೇಪೆ.
ಗೋಡೆಗೊರಗಿದ ಹಳೇ ಚಂದ್ರಿಕೆ,
ಸುತ್ತುಸುತ್ತಾಗಿ ಹೆಣೆದ ಬಿದಿರಿನ ದೊಡ್ಡ ಸುಳಿ,
ವಿಜ್ಞಾನದ ಪುಸ್ತಕದ ಆಕಾಶಗಂಗೆಯೇ ಸರಿ.
ಅದರ ನಡುವಿನಿಂದ ತೂಗುಬಿಟ್ಟೆವು.
ದಾರ ಮಾಮೂದು. ಇಪ್ಪತ್ತು ಡೆನಿಯರು.
"ಎಳೀರಿ ನೋಡಣ," ಅಂದ.

ಇಬ್ಬರೂ ಎಳೆದೆವು.
ಚಂದ್ರಿಕೆಯೇ ಬಾಗಿತು.