ನಾನೂರ ಹದಿನೇಳನೆಯ ಸಾಲು

ಟಮಾಲೆಯ ಗ್ರಂಥಾಲಯದಲ್ಲಿ ಫ್ಯಾನು ನಿಂತು ಅರ್ಧ ಗಂಟೆ.
ಹರ್ಮಟಾನ್ ಗಾಳಿಯ ಹುಡಿ ಪರದೆಯ ಮೇಲೆ;
ಬೆರಳಲ್ಲಿ ಒರೆಸಿ ಒರೆಸಿ ಓದುತ್ತೇನೆ
ನಾಳೆ ತರಗತಿಯಲ್ಲಿ ನಾನೇ ಮಂಡಿಸಬೇಕಾದ ಪ್ರಬಂಧ:
ಗಿನಿಕೋಳಿ ಕೊಟ್ಟರೆ ಬಡತನ ಎಷ್ಟು ಇಳಿಯುತ್ತದೆ?
ನಲವತ್ತೊಂದು ಪುಟ, ಒಂಬತ್ತು ಕೋಷ್ಟಕ.

ಎರಡನೆಯ ಪುಟದಲ್ಲಿ ಒಂದೇ ಒಂದು ವಾಕ್ಯ:
'ಹಳ್ಳಿಗಳನ್ನು ಯಾದೃಚ್ಛಿಕವಾಗಿ ವಿಂಗಡಿಸಲಾಯಿತು.'

ವಿಂಗಡಿಸಲಾಯಿತು. ಯಾರಿಂದ?
ಕರ್ತೃವಿಲ್ಲದ ಈ ಕ್ರಿಯಾಪದದ ಹಿಂದೆ
ಒಂಬತ್ತು ವರ್ಷದ ಒಂದು ಕೈ ಇತ್ತು,
ಉಗುರಿನ ಸಂದಿಯಲ್ಲಿ ಶಿಯಾ ಬೆಣ್ಣೆ.
ಮುಖಂಡರ ಅಂಗಳದಲ್ಲಿ, ಸೋರೆಬುರುಡೆಯೊಳಗೆ ಇಳಿದು
ಮಡಿಚಿದ ಚೀಟಿಗಳಲ್ಲಿ ತಡಕಾಡಿ
ಮೇಲಿದ್ದುದನ್ನು ಬಿಟ್ಟು, ಜಾಣತನವೆಂದು,
ತಳದ್ದನ್ನೇ ಎತ್ತಿತ್ತು.
ನನ್ನದೇ ಕೈ.
ಬರೀ ಬಿಳಿ ಕಾಗದ. ಕುಲ್ದನಾಲಿಯ ಜನ
ಅರ್ಥವಾಗದೆ ಚಪ್ಪಾಳೆ ತಟ್ಟಿದರು.
ಕೋಳಿಗಳು ಹೊಳೆಯಾಚೆಯ ಊರಿಗೆ ಹೋದವು.
ನಮಗೆ ಪ್ರಶ್ನೆಗಳು ಬಂದವು,
ವರ್ಷಕ್ಕೊಮ್ಮೆ, ಮೋಟಾರುಬೈಕಿನ ಮೇಲೆ.

'ಕಳೆದ ಏಳು ದಿನಗಳಲ್ಲಿ ಎಷ್ಟು ಸಲ ಮೀನು ತಿಂದಿರಿ?'
ಅವ್ವ ಒನಕೆ ನಿಲ್ಲಿಸಲಿಲ್ಲ.
'ಐದು.'
ನಾನು ಬಾಯಿ ತೆರೆದೆ; ಅವಳ ಕಣ್ಣು ಮುಚ್ಚಿಸಿತು.
ಮನೆಗೆ ಬಂದವನ ಮುಂದೆ
ಬರಿಗಡಿಗೆ ಬೋರಲು ಹಾಕಿ ತೋರಿಸುವವಳಲ್ಲ ಸನಾತು.
ಆ ವಾರ ಮೀನಿನ ವಾಸನೆಯೂ ಪಕ್ಕದ ಮನೆಯದು.

ನಾಲ್ಕನೆಯ ಕೋಷ್ಟಕ: ಪರಿಣಾಮ ಅಲ್ಪ, ನಕ್ಷತ್ರ ಒಂದೂ ಇಲ್ಲ.
ಲೇಖಕರು ಮಳೆಯನ್ನು ಶಂಕಿಸುತ್ತಾರೆ,
ಕೋಳಿಜ್ವರವನ್ನು, ಸಂತೆಯ ದೂರವನ್ನು ಶಂಕಿಸುತ್ತಾರೆ.
ಮಾನ ಎಂಬ ಕಾಲಂ ಇಲ್ಲ.

ದತ್ತಾಂಶ ಇಳಿಸಿಕೊಂಡೆ. ಹೆಸರುಗಳಿಲ್ಲ, ಬರೀ ಸಂಖ್ಯೆ.
ಆದರೂ ಗುರುತು ಹತ್ತಿತು. ಮಕ್ಕಳು ಆರು. ತಗಡಿನ ಚಾವಣಿ ಇಲ್ಲ.
ಸೈಕಲ್ಲು ಒಂದು
(ಅದಕ್ಕಿದ್ದ ಚಕ್ರವೂ ಒಂದೇ, ಬರೆಯಲು ಜಾಗವಿರಲಿಲ್ಲ).
ಮೀನು, ಐದು.
ನಾನೂರ ಹದಿನೇಳನೆಯ ಸಾಲು.

ಅಳಿಸಿ ನೋಡಿದೆ.
ಗುಣಾಂಕ ಒಂದಿಷ್ಟು ಮಿಸುಕಿತು,
ದಶಮಾಂಶದ ಮೂರನೆಯ ಮನೆಯಲ್ಲಿ
ಎರಡಿದ್ದದ್ದು ಮೂರಾಯಿತು.
ಅಷ್ಟೇ ಅವ್ವನ ತೂಕ.
ಇನ್ನೆಷ್ಟು ಅವ್ವಂದಿರು ಐದೆಂದರೋ, ಎಷ್ಟು ಊರುಗಳಲ್ಲಿ.
ಕಳ್ಳಿಯ ಹಾಗೆ ಆಚೀಚೆ ನೋಡಿ
ಮತ್ತೆ ಅಂಟಿಸಿದೆ. ಎರಡು ಮರಳಿತು.

ನಾಳೆ ನಾಪರಿ ಕೇಳುತ್ತಾನೆ, ಯಾವಾಗಲೂ ಕೇಳುತ್ತಾನೆ:
'ಆಯ್ಕೆಯಲ್ಲಿ ಯಾರ ಕೈವಾಡವೂ ಇರಲಿಲ್ಲ ತಾನೇ?'

ಸಂಜೆ ಫೋನು. 'ಇಷ್ಟೊಂದು ಏನು ಓದುತ್ತೀಯೆ?'
'ಮೀನಿನ ಲೆಕ್ಕ' ಎಂದೆ.
ಅತ್ತ ಸ್ವಲ್ಪ ಹೊತ್ತು ಒನಕೆಯಷ್ಟೇ ಕೇಳಿಸಿತು.
ಆಮೇಲೆ,
'ಪಾಪ, ಆ ಹುಡುಗ ಬಿಸಿಲಲ್ಲಿ ಬಂದಿದ್ದ.
ನೀರು ಬಿಟ್ಟರೆ ಕೊಡಲು ಏನೂ ಇರಲಿಲ್ಲ.
ಒಂದು ಒಳ್ಳೆಯ ಸಂಖ್ಯೆಯನ್ನಾದರೂ ಕೊಡೋಣ ಅಂತ...

ಹೆಚ್ಚಾಯಿತೇನು?'