ನಿಂತ ಜಾಗ

"ಮಿರ್ಚಿ ತಿಂದ ಕೈ ತೊಳಕೊಂಡು ಬಾರಲೇ" ಅಂದ ಮೇಲೆಯೇ
ಚಮನ್‌ಸಾಬರು ಕ್ಯಾಸೆಟ್ ಮುಟ್ಟಲು ಬಿಡುವುದು,
ಮಂಡಿಪೇಟೆಯ ಮಹಡಿ ಅಂಗಡಿಯಲ್ಲಿ.

ಮೊದಲು ಕಿವಿಗಿಟ್ಟು ಅಲ್ಲಾಡಿಸು:
ಲಟಲಟ ಅಂದರೆ ಒಳಗೇನೋ ಮುರಿದಿದೆ.
ಆಮೇಲೆ ಮೂಗು. ಮುಗ್ಗಿದ ಜೋಳದ ವಾಸನೆ ಬಂದರೆ
ಡೆಕ್ಕಿಗೆ ಹಾಕಬೇಡ, ಬೂಷ್ಟು ಹೆಡ್ಡಿಗೂ ಹತ್ತುತ್ತೆ.
ಪಕ್ಕದ ಗುಂಡಿ ಒತ್ತಿ ಮುಚ್ಚಳ ಎತ್ತು,
ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿ.

ಇದು ಗಿರಿಜವ್ವ ತಂದದ್ದು.
ತೊಂಬತ್ತೊಂದರ ಮದುವೆ, ಅವರದೇ.
ಬೂಷ್ಟಿಲ್ಲ. ಅಂಚು ನೆಟ್ಟಗಿದೆ.
ಬೆರಳಲ್ಲೇ ಗಾಲಿ ತಿರುಗಿಸುತ್ತ ಹೋದೆ,
ಹತ್ತಿ ಗಿರಣಿಯಲ್ಲಿ ನೂಲು ನೋಡುತ್ತಿದ್ದ ನಮ್ಮಜ್ಜಿಯಂತೆ,
ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುವ ಹಾಗೆ.

ಮುಕ್ಕಾಲು ದಾಟಿದ ಮೇಲೆ ಒಂದು ಕಡೆ
ಕಪ್ಪು ಸವೆದು ತೆಳ್ಳಗೆ ಮಿಂಚುತ್ತಿತ್ತು.
ಗೇಣುದ್ದವೂ ಇಲ್ಲ.

ಸಾಬರು ಕನ್ನಡಕ ಹಣೆಗೇರಿಸಿ ಬಗ್ಗಿದರು.
"ಇದು ಕೆಟ್ಟದ್ದಲ್ಲ. ಯಾರೋ ನಿಲ್ಲಿಸಿ ನಿಲ್ಲಿಸಿ ನೋಡ್ಯಾರ.
ಟೇಪು ನಿಂತರೂ ಹೆಡ್ಡು ತಿರುಗ್ತಾನೇ ಇರುತ್ತೆ,
ಅದೇ ಜಾಗ ಉಜ್ಜುತ್ತೆ."

ಗಿರಿಜವ್ವ ಚೀಲದ ಹಿಡಿಕೆ ಸುತ್ತಿದರು, ಬಿಚ್ಚಿದರು.
"ನಮ್ಮನೇಲಿ ಡೆಕ್ಕೇ ಇರಲಿಲ್ಲ.
ಇಷ್ಟು ವರ್ಷ ಇದು
ನಮ್ಮಕ್ಕನ ಹತ್ರ ಇತ್ತು."

ಕೆಳಗೆ ಯಾವುದೋ ಲಾರಿ ಹಿಂದೆ ಹಿಂದೆ ಬರುತ್ತಿತ್ತು.
ಸ್ಪಿರಿಟ್ಟಿನ ಹತ್ತಿ ಹಿಡಿದ ನನ್ನ ಕೈ
ಆ ಜಾಗ ಬಿಟ್ಟು ಉಳಿದದ್ದನ್ನೆಲ್ಲ ಒರೆಸಿತು.

"ಮಿಕ್ಕಿದ್ದೆಲ್ಲ ಕಾಣುತ್ತಮ್ಮ. ಅಲ್ಲಿ ಮಾತ್ರ
ಬರೀ ಗೆರೆ, ಚುಕ್ಕಿ."

"ಇರಲಿ, ಹಾಕ್ರಿ.
ಅದರ ಹಿಂದೆ ಮುಂದೆ ತೋರಿಸಿದರೆ ಸಾಕು.
ಯಾರ ಪಕ್ಕ ಯಾರು ನಿಂತಿದ್ರು ಅಂತ
ನನಗೆ ನೆನಪೈತೆ."