ಹಿಗ್ಗಿದ ಟೇಪು

ಕೊನೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತದೋ ಬೆರಳಿಂದ ಹುಡುಕಬೇಕು,
ಟೊಂಕದ ಎಲುಬು ಎಲ್ಲಿ ಏಳುತ್ತದೋ ಅದನ್ನೂ.
ಎರಡರ ನಡುವೆ ಟೇಪು.
ತರಬೇತಿಯಲ್ಲಿ ಗೊಂಬೆಗೆ ಇದು ಸುಲಭವಿತ್ತು.

ಚಿಟಗುಪ್ಪದ ಹೆಣ್ಣುಮಕ್ಕಳಿಗೆ ನಡುವೆಂದರೆ
ಸೀರೆಯ ನಿರಿಗೆ, ಲಂಗದ ಲಾಡಿ,
ಲಾಡಿ ಕೊರೆದ ಕಪ್ಪು ಗೆರೆ, ಕೀಲಿಕೈ ಗೊಂಚಲು, ಎಲೆಯಡಿಕೆ ಸಂಚಿ,
ಒಮ್ಮೊಮ್ಮೆ ಗಂಡನಿಗೆ ಗೊತ್ತಿಲ್ಲದ ಐನೂರರ ನೋಟು.
"ಎಲ್ಲಾ ತೆಗೀಬೇಕೇನವಾ?"
ಬಾಗಿಲು ಮುಂದೆ ಮಾಡಿ, ಮೊಮ್ಮಗನನ್ನು ಹೊರಗೆ ಕಳಿಸಿ
ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ.
ಉಸಿರು ಬಿಡ್ರಿ, ಅಂತೀನಿ.
ಹಿಡಿಯುತ್ತಾರೆ. ಎಲ್ಲರೂ ಹಿಡಿಯುತ್ತಾರೆ,
ಫೋಟೋದವನ ಮುಂದೆ ನಿಂತ ಹಾಗೆ.

ಹೆಂಗಸಿಗೆ ಎಂಬತ್ತು, ಗಂಡಸಿಗೆ ತೊಂಬತ್ತು.
ಆಚೆ ಹೋದರೆ ಸಕ್ಕರೆ, ಬಿಪಿ, ಎದೆ ಎಂದು
ಕಾಗದದಲ್ಲಿ ಅಡ್ಡಗೆರೆ ಎಳೆದು ಬರೆದಿದೆ.

ತುಳಜಮ್ಮ ಎಪ್ಪತ್ತೊಂಬತ್ತು.
"ಗೆದ್ದೆ ನೋಡು!" ಎಂದು ಹಿಗ್ಗಿ
ಸುಸಲಾ ತಟ್ಟೆ ಕೈಗಿಟ್ಟಳು, ಮೇಲೆ ಎರಡು ಮಿರ್ಚಿ.
ಗುಂಡೇರಾವ ಎಂಬತ್ತೊಂಬತ್ತೂವರೆ.
ಮದುವೆಯ ಬೆಳ್ಳಿ ಉಡದಾರಕ್ಕೆ
ಅಗಸಾಲಿ ನಾಲ್ಕು ಸಲ ಕೊಂಡಿ ಕೂಡಿಸಿದ್ದಾನೆ,
ಹೊಸ ಕೊಂಡಿಗಳು ಇನ್ನೂ ಬೆಳ್ಳಗಿವೆ.
"ಕಾಲು ನೋಡ್ರಿ, ಕಡ್ಡಿ. ನಾ ಎಲ್ಲಿ ದಪ್ಪ?"
ನಿಜ. ಕಾಲು ಕಡ್ಡಿ, ಕೈ ಕಡ್ಡಿ.
ನಡುವೆ ಮಾತ್ರ ಯಾರೋ ಸಾಮಾನು ಇಟ್ಟು
ಒಯ್ಯಲು ಮರೆತ ಹಾಗೆ.

ಟೇಲರ್ ಮಸ್ತಾನಸಾಬರ ಅಂಗಡಿಗೆ ಹೋದದ್ದು
ಅವರ ನಡು ಅಳೆಯಲು.
"ನಲವತ್ತು ವರ್ಷ ಊರಿನ ನಡು ಅಳದೀನಿ,
ನಂದು ಯಾರೂ ಕೇಳಿಲ್ಲ ನೋಡ್ರಿ" ಎಂದು ನಕ್ಕರು.
ಟೇಪು ಮುಟ್ಟಿದರು. ನಗು ನಿಂತಿತು.
ಮೇಜಿನ ಉಕ್ಕಿನ ಪಟ್ಟಿಯ ಮೇಲೆ ಅದನ್ನು ಹಾಸಿ
"ಬಾಯಿ, ಇದು ಹಿಗ್ಗ್ಯದ" ಅಂದರು.
ನನ್ನ ಎಂಬತ್ತು
ಅವರ ಎಂಬತ್ತೆರಡರ ಮೇಲೆ ಮಲಗಿತ್ತು.

ಮೂರು ಬೇಸಿಗೆ ಇದರಿಂದಲೇ ರಿಜಿಸ್ಟರ್ ಕಟ್ಟಿದ್ದೆ.
ಹುಮನಾಬಾದ್ ಬಸ್ಸಿನ ನೂಕಾಟದಲ್ಲಿ ಹಾಳೆ ಜಾರದಿರಲೆಂದು
ಎಳೆದೆಳೆದು ಗಂಟು.
ಊರಿನವರ ಹೆಸರುಗಳೇ
ಊರಿನ ಅಳತೆಯನ್ನು ಜಗ್ಗಿದ್ದವು.

ತಮ್ಮದೊಂದು ಟೇಪು ಕೊಟ್ಟರು. "ದುಡ್ಡು ಬ್ಯಾಡ.
ವರ್ಷಕ್ಕೊಮ್ಮೆ ಬದಲಿ ಮಾಡ್ರಿ.
ನಂದು ತಪ್ಪಾದ್ರ ಬಿಚ್ಚಿ ಹೊಲೀತೀನಿ..."
ಮುಂದಿನದನ್ನು ಅವರು ಹೇಳಲಿಲ್ಲ, ನಾ ಕೇಳಲಿಲ್ಲ.

ಆ ರಾತ್ರಿ ಪೆನ್ಸಿಲ್ ಹಿಡಿದು ಕೂತೆ.
ಎಪ್ಪತ್ತೆಂಟು ದಾಟಿ ಎಂಬತ್ತು ಮುಟ್ಟದ ಹೆಂಗಸರು,
ಎಂಬತ್ತೆಂಟು ದಾಟಿ ತೊಂಬತ್ತು ಮುಟ್ಟದ ಗಂಡಸರು,
ಮೂವತ್ತೊಂದು ಹೆಸರು.
ಸರಿ ಎಂದು ಗೀಚಿ ನಾನು ಚಪ್ಪಲಿ ಮೆಟ್ಟಿಕೊಂಡ
ಮೂವತ್ತೊಂದು ಹೊಸ್ತಿಲು.
ಮೂವತ್ತೆರಡನೆಯ ನಡು ನನ್ನದು.
ಅದನ್ನು ಅಲ್ಲಿ ಬರೆಯಲಿಲ್ಲ, ಇಲ್ಲೂ ಬರೆಯುವುದಿಲ್ಲ.

"ತಿಂಗಳದಾಗ ಅಷ್ಟು ಬೆಳದೆನೇನ?"
ನೀವಲ್ಲ ತುಳಜಮ್ಮ, ಟೇಪು.
ನಕ್ಕಳು. ಹೊಟ್ಟೆ ಕುಣಿಯಿತು,
ಹೊಸ ಟೇಪಿನ ಅಂಕಿಗಳೂ ಕುಣಿದವು.
ನಿಲ್ಲುವವರೆಗೆ ಕಾದೆ. ಎಂಬತ್ತೊಂದು.
"ಒಂದು ಬೆರಳಿನ ಫರಕಿಗೆ ಸೂಜಿ ಯಾಕ?"

ಪೂರ್ತಿ ನನಗೂ ಗೊತ್ತಿಲ್ಲ.
ಮೈ ಗೆರೆ ನೋಡಿಕೊಂಡು ನಡೆಯುವುದಿಲ್ಲ;
ಎಪ್ಪತ್ತರಲ್ಲೇ ಕುಸಿದವರನ್ನು ಕಂಡಿದ್ದೇನೆ,
ತೊಂಬತ್ತೈದರಲ್ಲಿ ಗುಡ್ಡ ಹತ್ತಿ ಸೌದೆ ತರುವವಳನ್ನೂ.
ಹೇಳಲು ಬಾಯಿ ತೆರೆಯುವಷ್ಟರಲ್ಲಿ
ಉಂಗುರಬೆರಳು ಮುಂದೆ ಬಂದಿತ್ತು,
ಅರಿಶಿಣ, ಸುಸಲಾದ ಎಣ್ಣೆ.
ತೊಳೆದು ಬಾ ಎಂದೆ. ತೊಳೆದು ಬಂದಳು.

ಹನಿ ಪಟ್ಟಿಗೆ ಏರಿತು.
ಯಂತ್ರ ಐದರಿಂದ ಹಿಂದಕ್ಕೆ ಎಣಿಸತೊಡಗಿತು.
ತುಳಜಮ್ಮ ಉಸಿರು ಹಿಡಿದಳು.
ಬಿಡ್ರಿ ಅನ್ನಬೇಕಿತ್ತು.
ನಾನೂ ಹಿಡಿದಿದ್ದೆ.